ಒಂದು ಒತ್ತು ತಿದ್ದಲು ಯಾರನ್ನು ಕರೆಯಬೇಕು?

(ಮಲೆನಾಡಿನ ಒಂದು ಊರಿನಿಂದ ಹೊರಡುವ ಸಾಹಿತ್ಯ ತ್ರೈಮಾಸಿಕದ ಸಂಪಾದಕಿ, ನಿವೃತ್ತ ಕನ್ನಡ ಉಪನ್ಯಾಸಕಿ. ಎದುರು ಕೂತವನು ಅವರ ಹಳೆಯ ವಿದ್ಯಾರ್ಥಿ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಪತ್ರಿಕೆಗೆ ಜಾಲತಾಣ ಬೇಕು, ಅದು ಸ್ಟ್ಯಾಟಿಕ್ ಆಗಿರಲಿ ಎಂಬಷ್ಟಕ್ಕೆ ಇಬ್ಬರೂ ಒಪ್ಪಿದ್ದಾರೆ. ಉಳಿದದ್ದರಲ್ಲಿ ಒಪ್ಪಿಗೆ ಕಡಿಮೆ.)

ಸಂಪಾದಕಿ: ಸ್ಟ್ಯಾಟಿಕ್ ಅಂತ ನೀನಂದೆ, ನಾನೂ ಹೂಂ ಅಂದೆ. ನಾಳೆ ಸಮಿತಿಯವರು ಕೇಳಿದರೆ ತಡವರಿಸಬಾರದು. ಇನ್ನೊಮ್ಮೆ ಹೇಳಿಬಿಡು.

ಶಿಷ್ಯ: ವರ್ಡ್‌ಪ್ರೆಸ್‌ನಂಥದ್ದರಲ್ಲಿ ಓದುಗರು ಪುಟ ಕೇಳಿದಾಗ ಸರ್ವರ್‌ನಲ್ಲಿ ಪಿಎಚ್‌ಪಿ ಓಡುತ್ತೆ ಮೇಡಂ. ಅದು ಡೇಟಾಬೇಸ್‌ನಿಂದ ಬರಹ ತಂದು ಪುಟವನ್ನ ಆಗಲೇ ಕಟ್ಟಿಕೊಡುತ್ತೆ. ಸ್ಟ್ಯಾಟಿಕ್ ತಾಣದಲ್ಲಿ ಪುಟಗಳೆಲ್ಲ ಮೊದಲೇ ತಯಾರಾಗಿ ಎಚ್‌ಟಿಎಂಎಲ್ ಕಡತಗಳಾಗಿ ಇರುತ್ತವೆ. ಕೇಳಿದವರಿಗೆ ಸರ್ವರ್ ಕಡತ ಕೊಟ್ಟು ಸುಮ್ಮನಾಗುತ್ತೆ. ಡೇಟಾಬೇಸೇ ಇಲ್ಲದ ಮೇಲೆ ಅದಕ್ಕೆ ಕನ್ನ ಹಾಕುವವರೂ ಇಲ್ಲ, ತಿಂಗಳು ತಿಂಗಳು ಪ್ಲಗಿನ್ ಅಪ್‌ಡೇಟ್ ಮಾಡುವ ಪಾಡೂ ಇಲ್ಲ. ಮೂರು ತಿಂಗಳಿಗೊಮ್ಮೆ ಬದಲಾಗುವ ಪತ್ರಿಕೆಗೆ ಗಳಿಗೆಗೊಮ್ಮೆ ಪುಟ ಕಟ್ಟುವ ಉಸಾಬರಿ ಯಾಕೆ?

ಸಂಪಾದಕಿ: ಅದು ಸರಿ. ಬರಹ ಏರಿಸೋರು ಯಾರು? ಮೊನ್ನೆ ನೀನು ತೋರಿಸಿದ್ದು ಒಂದು ಕಪ್ಪು ಪರದೆ. ಅದರಲ್ಲಿ ಏನೇನೋ ಟೈಪ್ ಮಾಡಿದೆ, ಪುಟ ಬಂತು. ಲೇಖಕರ ಹೆಸರಿನಲ್ಲಿ ಒಂದು ಒತ್ತು ತಪ್ಪಿದೆ ಅನ್ನು. ರಾತ್ರಿ ಹತ್ತು ಗಂಟೆಗೆ ಅವರು ಫೋನ್ ಮಾಡಿ ಬೇಜಾರು ಮಾಡಿಕೊಂಡರೆ ನಾನು ಯಾರನ್ನ ಕರೀಬೇಕು? ನಿನ್ನನ್ನಾ?

ಶಿಷ್ಯ: ಅದಕ್ಕೇ ಸಿಎಂಎಸ್, ಅಂದರೆ ಬರಹ ನಿರ್ವಹಿಸುವ ವ್ಯವಸ್ಥೆ, ಬೇಕು ಅನ್ನೋದು. ನೀವು ಬ್ರೌಸರ್‌ನಲ್ಲಿ ತಿದ್ದಿ ಉಳಿಸಿ ಅಂದರೆ ಹಿಂದೆ ಪುಟ ತಾನಾಗಿ ಕಟ್ಟಿಕೊಳ್ಳಬೇಕು.

ಸಂಪಾದಕಿ: ಇದನ್ನ ನಿಮ್ಮವರು ಮೊದಲೇ ಯೋಚಿಸಲಿಲ್ಲವಾ?

ಶಿಷ್ಯ: ಯೋಚಿಸಿದ್ದರು, ಮರೆತರು. 2001ರಲ್ಲಿ ಬೆನ್ ಮತ್ತು ಮೀನಾ ಟ್ರಾಟ್ ದಂಪತಿ ಮೂವಬಲ್ ಟೈಪ್ ಅಂತ ತಂದರು. ಬರೆಯೋಕೆ ಒಳ್ಳೆಯ ಪರದೆ ಇತ್ತು, ಪ್ರಕಟಿಸು ಅಂದರೆ ಎಚ್‌ಟಿಎಂಎಲ್ ಪುಟಗಳು ತಯಾರಾಗುತ್ತಿದ್ದವು. ನೀವು ಇವತ್ತು ಕೇಳುತ್ತಿರೋದು ಅದೇ. ತಾಣ ಬೆಳೆದ ಹಾಗೆ ಎಲ್ಲ ಪುಟಗಳನ್ನೂ ಮತ್ತೆ ಕಟ್ಟೋದು ನಿಧಾನವಾಯ್ತು. 2003ರಲ್ಲಿ ವರ್ಡ್‌ಪ್ರೆಸ್ ಬಂತು. ಅದರಲ್ಲಿ ಒತ್ತಿದ ಕೂಡಲೇ ಪುಟ ಕಾಣುತ್ತೆ. ಮುಂದಿನ ವರ್ಷ ಮೂವಬಲ್ ಟೈಪ್ ಪರವಾನಗಿ ದರ ಬದಲಾಯಿಸಿದಾಗ ಬಹಳ ಮಂದಿ ಆಚೆ ದಾಟಿದರು. ಸ್ಟ್ಯಾಟಿಕ್ ಮತ್ತೆ ತಲೆ ಎತ್ತಿದ್ದು 2008ರಲ್ಲಿ, ಪ್ರೋಗ್ರಾಮರ್‌ಗಳು ಕಡತ ಇಡುವ ಗಿಟ್‌ಹಬ್ ತಾಣದ ಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಜೆಕಿಲ್ ಬರೆದಾಗ. ಅದು ಪ್ರೋಗ್ರಾಮರ್ ತನಗಾಗಿ ಮಾಡಿಕೊಂಡ ಸಲಕರಣೆ. ಬರಹ ಸರಳ ಪಠ್ಯದ ಕಡತದಲ್ಲಿ, ಕಡತ ಗಿಟ್ ಅನ್ನೋ ತಿದ್ದುಪಡಿ ದಾಖಲಿಸುವ ವ್ಯವಸ್ಥೆಯಲ್ಲಿ, ಪುಟ ಕಟ್ಟೋಕೆ ಒಂದು ಆದೇಶ. ಬರೆಯುವ ಪರದೆ ಅನ್ನೋದೇ ಇಲ್ಲ.

ಸಂಪಾದಕಿ: ವೇಗ ಬಂತು, ಭದ್ರತೆ ಬಂತು, ಸಂಪಾದಕರು ಹೊರಗಾದರು.

ಶಿಷ್ಯ: ಆಗ ಹಾಗೇ ಆಯ್ತು. ಆದರೆ ಆ ದಾರಿ ಗಟ್ಟಿ ಅಂತಲೂ ಬೇಗ ತಿಳಿಯಿತು. ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ತಾಣ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ವಿಮೆ ಕೊಳ್ಳುವವರಿಗೆ ತೆರೆದುಕೊಂಡು ಅವತ್ತೇ ಮುಗ್ಗರಿಸಿದ್ದು ದೊಡ್ಡ ಸುದ್ದಿ. ಮುಗ್ಗರಿಸಿದ್ದು ಖಾತೆ ತೆರೆದು ವಿಮೆ ಆರಿಸುವ ಹಿಂಭಾಗ. ಮಾಹಿತಿಯ ಮುಂಭಾಗವನ್ನ ಡೆವಲಪ್‌ಮೆಂಟ್ ಸೀಡ್ ಅನ್ನೋ ಸಂಸ್ಥೆ ಜೆಕಿಲ್‌ನಲ್ಲಿ ಕಟ್ಟಿತ್ತು; ಅದು ಅಲುಗಾಡಲಿಲ್ಲ. ಗಿಟ್‌ಹಬ್‌ನಲ್ಲಿರುವ ಕಡತವನ್ನ ಬ್ರೌಸರ್‌ನಲ್ಲೇ ತಿದ್ದೋಕೆ ಪ್ರೋಸ್ ಅನ್ನೋ ಪರದೆ ಮಾಡಿದ್ದೂ ಅದೇ ಸಂಸ್ಥೆ.

ಸಂಪಾದಕಿ: ನನಗೆ ವರ್ಡ್‌ಪ್ರೆಸ್ ಗೊತ್ತು. ಕಾಲೇಜಿನ ತಾಣಕ್ಕೆ ನಾನೇ ಬರಹ ಹಾಕ್ತಿದ್ದೆ. ಗೊತ್ತಿರೋದನ್ನ ಬಿಟ್ಟು ಗೊತ್ತಿಲ್ಲದ್ದನ್ನ ಯಾಕೆ ಹಿಡೀಬೇಕು? ವರ್ಡ್‌ಪ್ರೆಸ್ ಒಳಗಿಟ್ಟುಕೊಂಡು, ಹೊರಗೆ ಬರೀ ಪುಟ ಕಳಿಸೋಕಾಗಲ್ಲವಾ?

ಶಿಷ್ಯ: ಆಗುತ್ತೆ. ಸಿಂಪ್ಲಿ ಸ್ಟ್ಯಾಟಿಕ್ ಅನ್ನೋ ಪ್ಲಗಿನ್ ಇದೆ. ವರ್ಡ್‌ಪ್ರೆಸ್ ನಿಮ್ಮ ಲ್ಯಾಪ್‌ಟಾಪಿನಲ್ಲೋ ಬೀಗ ಹಾಕಿದ ಸರ್ವರ್‌ನಲ್ಲೋ ಇರುತ್ತೆ, ಅದರ ಪುಟಗಳ ನಕಲು ಎಚ್‌ಟಿಎಂಎಲ್ ಆಗಿ ಹೊರಗೆ ಹೋಗುತ್ತೆ. ನಿಜ ಹೇಳಬೇಕಂದರೆ ಎಷ್ಟೋ ಸಣ್ಣ ಸಂಸ್ಥೆಗಳಿಗೆ ನಾನು ಇದನ್ನೇ ಹೇಳ್ತೀನಿ. ನನ್ನ ಜೊತೆಯವರಿಗೆ ಇದು ರುಚಿಸಲ್ಲ.

ಸಂಪಾದಕಿ: ನಮಗೆ ಯಾಕೆ ಹೇಳಲಿಲ್ಲ?

ಶಿಷ್ಯ: ವರ್ಡ್‌ಪ್ರೆಸ್‌ನ ಹುಡುಕಾಟ, ಪ್ರತಿಕ್ರಿಯೆ, ಸಂಪರ್ಕ ಫಾರಂ ಯಾವುದೂ ನಕಲಿನಲ್ಲಿ ನಡೆಯಲ್ಲ. ಅದೂ ದೊಡ್ಡ ಮಾತಲ್ಲ. ದೊಡ್ಡದು ಅಂದರೆ ಬರಹ ಉಳಿಯುವುದು ಡೇಟಾಬೇಸ್‌ನೊಳಗೆ. ಯಾರೂ ನೋಡದ ವರ್ಡ್‌ಪ್ರೆಸ್ಸನ್ನೂ ಯಾರಾದರೂ ಸಾಕಬೇಕು. ಪಬ್ಲಿ ಅಂತ ಇನ್ನೊಂದಿದೆ. ಕಂಪ್ಯೂಟರಿಗೆ ಹಾಕಿಕೊಳ್ಳುವ ಉಚಿತ ತಂತ್ರಾಂಶ, ಬರೆದು ಒತ್ತಿದರೆ ಪುಟಗಳು ಸರ್ವರ್‌ಗೆ ಹೋಗುತ್ತವೆ. ಒಬ್ಬರೇ ನಡೆಸುವ ತಾಣಕ್ಕೆ ಅದರಷ್ಟು ನೆಮ್ಮದಿ ಬೇರೆ ಇಲ್ಲ. ನಿಮ್ಮಲ್ಲಿ ನೀವು, ಕರಡು ತಿದ್ದುವವರು, ಮುಖಪುಟ ನೋಡಿಕೊಳ್ಳುವವರು ಅಂತ ಮೂರು ಮನೆ, ಮೂರು ಕಂಪ್ಯೂಟರ್. ಅಲ್ಲಿ ಪಬ್ಲಿ ಒದ್ದಾಡುತ್ತೆ.

ಸಂಪಾದಕಿ: ಸಮಿತಿಯ ಖಜಾಂಚಿ ಮಗ ಕಂಟೆಂಟ್‌ಫುಲ್ ಅಂತೇನೋ ಹೇಳಿದ.

ಶಿಷ್ಯ: ಕಂಟೆಂಟ್‌ಫುಲ್, ಸ್ಯಾನಿಟಿ, ಇವು ಬರಹವನ್ನ ತಮ್ಮ ಸರ್ವರ್‌ನಲ್ಲಿ ಇಟ್ಟುಕೊಂಡು, ಕೇಳಿದ ತಾಣಕ್ಕೆ ಎಪಿಐ ಮೂಲಕ ಕೊಡುವ ಸೇವೆಗಳು. ಪರದೆ ಚೆನ್ನಾಗಿರುತ್ತೆ, ಹತ್ತು ಜನ ಒಟ್ಟಿಗೆ ಕೂತು ತಿದ್ದಬಹುದು, ಲೇಖಕರಿಗೆ ಒಂದು ದಾಖಲೆ ಮಾಡಿ ನೂರು ಬರಹಕ್ಕೆ ಜೋಡಿಸಬಹುದು. ಅದೇ ಬರಹ ಮೊಬೈಲ್ ಆಪ್‌ಗೂ ಹೋಗಬೇಕು, ಮೂರು ಭಾಷೆಯಲ್ಲೂ ಬರಬೇಕು ಅನ್ನುವ ದೊಡ್ಡ ಪತ್ರಿಕೆಗೆ ಇದೇ ಸರಿ. ಉಚಿತ ಮಟ್ಟದಲ್ಲಿ ಎಷ್ಟು ಕೊಡಬೇಕು ಅನ್ನೋದು ಮಾತ್ರ ಅವರ ಕೈಯಲ್ಲಿ. ನಾಳೆ ಬದಲಾಯಿಸಿದರೆ ನೀವು ಚಂದಾದಾರರನ್ನ ಕೇಳಬೇಕಾಗುತ್ತೆ.

ಸಂಪಾದಕಿ: ನಮ್ಮ ಚಂದಾದಾರರು ಅಂಚೆ ಖರ್ಚಿಗೇ ಗೊಣಗ್ತಾರೆ. ಅದು ಬಿಡು. ನೀನು ಎರಡು ಸಲ ಒಂದೇ ಮಾತು ಹೇಳಿದೆ, ಗಮನಿಸಿದೆಯಾ? ಡೇಟಾಬೇಸ್‌ನೊಳಗೆ ಉಳಿಯುತ್ತೆ ಅಂದೆ, ಅವರ ಸರ್ವರ್‌ನಲ್ಲಿ ಉಳಿಯುತ್ತೆ ಅಂದೆ. ಬರಹ ಎಲ್ಲಿ, ಯಾವ ರೂಪದಲ್ಲಿ ಕೂತಿರುತ್ತೆ ಅನ್ನೋದೇ ನಿನ್ನ ತಕರಾರು.

ಶಿಷ್ಯ: ಹೌದು.

ಸಂಪಾದಕಿ: ಅದನ್ನ ನನಗೆ ನೀನು ಹೇಳಬೇಕಾಗಿಲ್ಲ ಮಾರಾಯ. ಆ ಕಪಾಟಿನಲ್ಲಿ ಇಪ್ಪತ್ತು ವರ್ಷದ ಸಿಡಿಗಳಿವೆ. ಪೇಜ್‌ಮೇಕರ್‌ನಲ್ಲಿ ಪುಟ ಮಾಡಿದ್ದು, ಕೆಲವು ನುಡಿ ಫಾಂಟಿನಲ್ಲಿ, ಕೆಲವು ಶ್ರೀಲಿಪಿಯಲ್ಲಿ. ಪೇಜ್‌ಮೇಕರ್ 2001ರ ಏಳನೇ ಆವೃತ್ತಿಗೇ ನಿಂತುಹೋಯ್ತು. ಕಡತ ಹೇಗೋ ತೆಗೆದರೂ ಪರದೆ ಮೇಲೆ ಬರೀ ಇಂಗ್ಲಿಷ್ ಅಕ್ಷರದ ಕಸ. ಕನ್ನಡ ಇದ್ದದ್ದು ಫಾಂಟಿನಲ್ಲಿ, ಕಡತದಲ್ಲಲ್ಲ. ಫಾಂಟು ಕಳೆಯಿತು, ಬರಹವೂ ಕಳೆಯಿತು. ಅಚ್ಚಾದ ಸಂಚಿಕೆ ಇದೆಯಲ್ಲ, ಅದೊಂದೇ ಉಳಿದದ್ದು.

ಶಿಷ್ಯ: ಪರಿವರ್ತಕಗಳು ಇವೆ ಮೇಡಂ. ನುಡಿಯದ್ದನ್ನ ಯೂನಿಕೋಡ್‌ಗೆ ತರಬಹುದು.

ಸಂಪಾದಕಿ: ತಂದಿದ್ದೀವಿ ಒಂದಷ್ಟು. ಅರ್ಕಾವತ್ತು ಇದ್ದಲ್ಲೆಲ್ಲ ಕಣ್ಣಿಟ್ಟು ಕೂರಬೇಕು. ಹಳೇ ಫಾಂಟಿನಲ್ಲಿ ‘ಸೂರ್ಯ’ ಬರೆದರೆ ಯ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡ್‌ನಲ್ಲಿ ರ ಮೊದಲು. ಪರಿವರ್ತಕ ಅದನ್ನ ಹಿಂದುಮುಂದು ಮಾಡಬೇಕು, ಮಾಡದಿದ್ದ ಕಡೆ ನಾವು ಮಾಡಬೇಕು. ಹೀಗಾಗಿ ನನ್ನ ಕಡೆಯಿಂದ ಷರತ್ತು ಒಂದೇ. ಈ ಸಲ ಒಳಗೆ ಹಾಕಿದ್ದು ಯಾವ ತಂತ್ರಾಂಶವೂ ಇಲ್ಲದೆ, ಬರೀ ನೋಟ್‌ಪ್ಯಾಡ್‌ನಲ್ಲಿ ತೆಗೆದರೂ ಕನ್ನಡವಾಗಿ ಓದಿಸಿಕೊಳ್ಳಬೇಕು. ಅದಾದ ಮೇಲೆ ನೀನು ಯಾವ ಸಿಎಂಎಸ್ ಬೇಕಾದರೂ ತಾ.

ಶಿಷ್ಯ: ಆಗ ಉಳಿಯೋದು ಕಡತಗಳನ್ನೇ ನೇರವಾಗಿ ತಿದ್ದುವ ಬಗೆ. ಒಂದೊಂದು ಬರಹವೂ ಒಂದೊಂದು ಪಠ್ಯ ಕಡತ. ಮೇಲುಗಡೆ ನಾಲ್ಕಾರು ಸಾಲಿನಲ್ಲಿ ಶೀರ್ಷಿಕೆ, ಲೇಖಕರು, ಸಂಚಿಕೆ, ದಿನಾಂಕ, ಕೆಳಗೆ ಬರಹ. ಇವೆಲ್ಲ ಗಿಟ್‌ನಲ್ಲಿ ಇರುತ್ತವೆ, ಅಂದರೆ ಯಾರು ಯಾವತ್ತು ಯಾವ ಸಾಲು ತಿದ್ದಿದರು ಅನ್ನೋದು ಸಮೇತ. ಡೆಕ್ಯಾಪ್ ಸಿಎಂಎಸ್ ಅನ್ನೋದು ಅದರ ಮೇಲೆ ಕೂರುವ ಬರೆಯುವ ಪರದೆ. ಅದಕ್ಕೆ ತನ್ನದೇ ಡೇಟಾಬೇಸ್ ಇಲ್ಲ. ತಾಣದ ವಿಳಾಸದ ಮುಂದೆ ಅಡ್ಮಿನ್ ಅಂತ ಸೇರಿಸಿ ತೆರೆದರೆ ಪೆಟ್ಟಿಗೆಗಳು ಬರುತ್ತವೆ. ತುಂಬಿ ಉಳಿಸಿದರೆ ಗಿಟ್‌ನಲ್ಲಿ ಕಡತ ಬದಲಾಗುತ್ತೆ. ಹಿಂದೆಯೇ ತಾಣ ಮತ್ತೆ ಕಟ್ಟಿಕೊಳ್ಳುತ್ತೆ.

ಸಂಪಾದಕಿ: ಆ ಡೆಕ್ಯಾಪ್ ಮುಚ್ಚಿಹೋದರೆ?

ಶಿಷ್ಯ: ಅದಕ್ಕೆ ಉದಾಹರಣೆ ಆಗಲೇ ಇದೆ. ಅದರ ಮೊದಲ ಹೆಸರು ನೆಟ್ಲಿಫೈ ಸಿಎಂಎಸ್. ಹುಟ್ಟುಹಾಕಿದ ಕಂಪನಿಯೇ ಆಸಕ್ತಿ ಕಳೆದುಕೊಂಡು 2023ರಲ್ಲಿ ಬೇರೆಯವರಿಗೆ ವಹಿಸಿತು, ಆಗ ಡೆಕ್ಯಾಪ್ ಆಯ್ತು. ಅದೇ ವರ್ಷ ಫಾರೆಸ್ಟ್ರಿ ಅನ್ನೋ ಸೇವೆ ಮುಚ್ಚಿತು. ಅದನ್ನ ಮಾಡಿದವರು ಟೀನಾ ಅನ್ನೋ ಇನ್ನೊಂದರ ಕಡೆ ಹೋದರು. ಫಾರೆಸ್ಟ್ರಿ ಬಳಸುತ್ತಿದ್ದವರು ಬೈದುಕೊಂಡರು, ಹೊಸ ಪರದೆ ಕಲಿತರು. ಆದರೆ ಅವರ ಬರಹಗಳು ಗಿಟ್‌ನಲ್ಲಿ ಇದ್ದ ಹಾಗೇ ಇದ್ದವು. ಬಾಗಿಲು ಬದಲಾಯ್ತು, ಮನೆಯ ಸಾಮಾನು ಕದಲಲಿಲ್ಲ. ಈಗ ಸ್ವೆಲ್ಟಿಯಾ ಅಂತ ಒಂದು ಬಂದಿದೆ, ಡೆಕ್ಯಾಪ್‌ನ ಸಂರಚನಾ ಕಡತವನ್ನೇ ಓದಿಕೊಳ್ಳುತ್ತೆ. ಬಹುಮಟ್ಟಿಗೆ ಒಂದು ಸಾಲು ಬದಲಾಯಿಸಿದರೆ ಅದಕ್ಕೆ ಹೋಗಬಹುದು, ಬೇಡವಾದರೆ ವಾಪಸ್ ಬರಬಹುದು.

ಸಂಪಾದಕಿ: ಇದು ಸಮಿತಿಗೆ ಹೇಳಬಹುದಾದ ಮಾತು. ಈಗ ಕಡತದ ಒಳಗಿನದು ಹೇಳು. ಅದ್ಯಾವುದೋ ಮಾರ್ಕ್‌ಡೌನ್ ಅಂತಿದ್ದೆ.

ಶಿಷ್ಯ: 2004ರಲ್ಲಿ ಜಾನ್ ಗ್ರೂಬರ್ ರೂಪಿಸಿದ ಬರವಣಿಗೆಯ ಕ್ರಮ. ಉಪಶೀರ್ಷಿಕೆಯ ಮುಂದೆ ಹ್ಯಾಶ್ ಗುರುತು, ದಪ್ಪಗಾಗಬೇಕಾದ ಪದದ ಎರಡೂ ಬದಿ ಎರಡೆರಡು ನಕ್ಷತ್ರ ಗುರುತು. ಪ್ಯಾರಾಗಳ ಮಧ್ಯೆ ಒಂದು ಖಾಲಿ ಸಾಲು. ನೋಟ್‌ಪ್ಯಾಡ್‌ನಲ್ಲಿ ತೆಗೆದರೂ ಓದಬಹುದು, ನಿಮ್ಮ ಷರತ್ತಿನ ಪ್ರಕಾರ.

ಸಂಪಾದಕಿ: ಕವನ?

ಶಿಷ್ಯ: ಹಾಂ... ಅಲ್ಲಿ ಸ್ವಲ್ಪ ತೊಡಕಿದೆ. ಮಾರ್ಕ್‌ಡೌನ್ ಪ್ರಕಾರ ಒಂದು ಎಂಟರ್ ಲೆಕ್ಕಕ್ಕಿಲ್ಲ. ನಾಲ್ಕು ಸಾಲು ಬರೆದರೆ ಪುಟದಲ್ಲಿ ಒಂದರ ಹಿಂದೆ ಒಂದು ಸೇರಿ ಒಂದೇ ಪ್ಯಾರಾ ಆಗುತ್ತೆ.

ಸಂಪಾದಕಿ: ಕವನ ಗದ್ಯವಾಗುತ್ತೆ ಅನ್ನು.

ಶಿಷ್ಯ: ಸಾಲು ಮುರೀಬೇಕು ಅಂದರೆ ಸಾಲಿನ ಕೊನೆಗೆ ಎರಡು ಸ್ಪೇಸ್ ಬಿಡಬೇಕು. ಇಲ್ಲಾ ಹಿಂದಕ್ಕೆ ವಾಲಿದ ಒಂದು ಓರೆ ಗೆರೆ ಹಾಕಬೇಕು.

ಸಂಪಾದಕಿ: ಕಣ್ಣಿಗೆ ಕಾಣದ ಎರಡು ಸ್ಪೇಸ್ ಮೇಲೆ ಒಂದು ಕವನ ನಿಂತಿರಬೇಕಾ? ಕರಡು ತಿದ್ದುವವರಿಗೆ ಅದು ಹೇಗೆ ಕಾಣಬೇಕು?

ಶಿಷ್ಯ: ಕಾಣಲ್ಲ. ಕೆಲವು ಎಡಿಟರ್‌ಗಳು ಉಳಿಸುವಾಗ ಸಾಲಿನ ಕೊನೆಯ ಸ್ಪೇಸನ್ನ ಅಳಿಸಿಯೂ ಹಾಕುತ್ತವೆ.

ಸಂಪಾದಕಿ: ಷಟ್ಪದಿಯ ಮೂರನೇ, ಆರನೇ ಸಾಲನ್ನ ಒಳಗೆ ಸರಿಸಿ ಅಚ್ಚು ಹಾಕ್ತೀವಿ. ಹಳೆಯ ಕಾವ್ಯದ ಬಗ್ಗೆ ಸಂಚಿಕೆಗೊಂದು ಲೇಖನ ಇದ್ದೇ ಇರುತ್ತೆ.

ಶಿಷ್ಯ: ಸಾಲಿನ ಮೊದಲು ಬಿಟ್ಟ ಸ್ಪೇಸ್ ಹಾರಿಹೋಗುತ್ತೆ. ಖಾಲಿ ಸಾಲಿನ ನಂತರ ನಾಲ್ಕು ಸ್ಪೇಸ್ ಬಿಟ್ಟು ಶುರು ಮಾಡಿದರೆ ಇನ್ನೂ ಕಷ್ಟ. ಅದನ್ನ ಪ್ರೋಗ್ರಾಂ ಕೋಡ್ ಅಂತ ತಿಳಿದು ಬೂದು ಚೌಕಟ್ಟಿನಲ್ಲಿ, ಟೈಪ್‌ರೈಟರ್ ಅಕ್ಷರದಲ್ಲಿ ತೋರಿಸುತ್ತೆ.

ಸಂಪಾದಕಿ: ಕುಮಾರವ್ಯಾಸ ಕೋಡ್ ಆಗಿಬಿಟ್ಟ!

(ಇಲ್ಲಿ ಬರೆಯುವವನೂ ಒಂದು ಮಾತು ಸೇರಿಸಬೇಕು. ಯಾವ ಸಿಎಂಎಸ್ ಮೇಲು ಎಂಬ ಚರ್ಚೆ ನಡೆದಲ್ಲೆಲ್ಲ ಪುಟ ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎಂಬ ಲೆಕ್ಕ ಇರುತ್ತದೆ. ಕವನದ ಸಾಲು ಎಲ್ಲಿ ಮುರಿಯುತ್ತದೆ ಎಂದು ಕೇಳಿದವರು ಕಡಿಮೆ. ಮೊದಲು ಕೇಳಬೇಕಾದದ್ದು ಅದು. ತಾನು ಪ್ರಕಟಿಸುವ ಬರಹಗಳಲ್ಲಿ ಅತ್ಯಂತ ಹಟಮಾರಿಯಾದದ್ದು ಯಾವುದು ಎಂದು ಗೊತ್ತಿಲ್ಲದ ಸಂಸ್ಥೆ ಯಾವ ವ್ಯವಸ್ಥೆಯನ್ನು ಆರಿಸಿದರೂ ಅದು ಕುರುಡು ಆಯ್ಕೆಯೇ.)

ಶಿಷ್ಯ: ಇದಕ್ಕೆ ದಾರಿ ಇದೆ, ಕೇಳಿ. ಡೆಕ್ಯಾಪ್‌ನಲ್ಲಿ ಯಾವ ಬಗೆಯ ಬರಹಕ್ಕೆ ಯಾವ ಪೆಟ್ಟಿಗೆಗಳು ಅಂತ ನಾವೇ ಗೊತ್ತುಮಾಡಬಹುದು. ಕವನ ಅಂತ ಬೇರೆ ಬಗೆ ಮಾಡೋಣ. ಅದಕ್ಕೆ ಮಾರ್ಕ್‌ಡೌನ್ ಪೆಟ್ಟಿಗೆ ಬೇಡ, ಬರೀ ಪಠ್ಯದ ಪೆಟ್ಟಿಗೆ. ನೀವು ಎಂಟರ್ ಒತ್ತಿದ ಕಡೆ ಸಾಲು ಮುರಿಯುತ್ತೆ, ಸ್ಪೇಸ್ ಬಿಟ್ಟ ಕಡೆ ಸ್ಪೇಸ್ ಉಳಿಯುತ್ತೆ. ಪುಟದ ಅಚ್ಚಿನಲ್ಲಿ ಅದನ್ನ ಇದ್ದ ಹಾಗೇ ತೋರಿಸು ಅಂತ ನಾನು ಒಂದು ಸಾಲು ಬರೀತೀನಿ.

ಸಂಪಾದಕಿ: ಲೇಖನದ ಮಧ್ಯೆ ಬರುವ ಪದ್ಯ?

ಶಿಷ್ಯ: ಹ್ಯೂಗೊ ಅಂತ ಪುಟ ಕಟ್ಟುವ ತಂತ್ರಾಂಶ ಇದೆ. ಅದರಲ್ಲಿ ಒಂದು ಎಂಟರನ್ನೇ ಸಾಲಿನ ಮುರಿವು ಅಂತ ತಿಳಿ ಅಂತ ಹೇಳಿಡಬಹುದು. ಒಳಗೆ ಸರಿಸೋದು ಮಾತ್ರ ಬೇರೆ ಗುರುತಿನಿಂದ ಮಾಡಬೇಕಾಗುತ್ತೆ. ಇನ್ನೊಂದು ತಮಾಷೆ ಇದೆ. ಪ್ಯಾರಾ ‘1956.’ ಅಂತ ಇಸವಿಯಿಂದ ಶುರುವಾಗಿ ಅದರ ಮುಂದೆ ಚುಕ್ಕಿ ಇದ್ದರೆ, ಮಾರ್ಕ್‌ಡೌನ್ ಅದನ್ನ ಪಟ್ಟಿಯ 1956ನೇ ಅಂಶ ಅಂತ ತಿಳಿಯುತ್ತೆ. ಕನ್ನಡ ಅಂಕಿಯಲ್ಲಿ ಬರೆದರೆ ಈ ಕಾಟ ಇಲ್ಲ, ಅದಕ್ಕೆ ಕನ್ನಡ ಅಂಕಿ ಗೊತ್ತಿಲ್ಲ.

ಸಂಪಾದಕಿ: ಗೊತ್ತಿಲ್ಲದ್ದರಿಂದಲೂ ಒಂದು ಉಪಕಾರ ಆಯ್ತಲ್ಲ. ಸರಿ, ಹ್ಯೂಗೊನೇ ಯಾಕೆ? ಜೆಕಿಲ್ ಅಂದಿದ್ದೆ ಮೊದಲು.

ಶಿಷ್ಯ: ಅದು ನನ್ನ ತಲೆನೋವು, ನಿಮಗೆ ಬೇಡ. ಆದರೂ ಒಂದು ಮಾತು. ಜೆಕಿಲ್‌ಗೆ ರೂಬಿ ಬೇಕು, ಇಲೆವೆಂಟಿ, ಆಸ್ಟ್ರೋ ಇವಕ್ಕೆಲ್ಲ ಜಾವಾಸ್ಕ್ರಿಪ್ಟ್‌ನ ನೂರಾರು ಬಿಡಿಭಾಗ ಬೇಕು. ನಾಲ್ಕು ವರ್ಷ ಮುಟ್ಟದೆ ಇಟ್ಟರೆ ಅವು ಒಂದಕ್ಕೊಂದು ಹೊಂದಲ್ಲ ಅಂತ ಮುನಿಸಿಕೊಳ್ಳುತ್ತವೆ. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಶುರು ಮಾಡಿದ ಹ್ಯೂಗೊ ಒಂದೇ ಕಡತದ ತಂತ್ರಾಂಶ. ನಮ್ಮ ತಾಣಕ್ಕೆ ಹೊಂದಿದ ಆವೃತ್ತಿಯನ್ನ ಬರಹಗಳ ಜೊತೆಗೇ ಎತ್ತಿಟ್ಟರೆ ಮುಂದೆ ಯಾವತ್ತಾದರೂ ಅದನ್ನೇ ಓಡಿಸಬಹುದು. ಸಾವಿರಾರು ಪುಟ ಇದ್ದರೂ ಕೆಲವೇ ಸೆಕೆಂಡಿನಲ್ಲಿ ಕಟ್ಟುತ್ತೆ, ಮೂವಬಲ್ ಟೈಪ್ ಕಾಲದ ಕಾಯುವಿಕೆ ಇಲ್ಲ.

ಸಂಪಾದಕಿ: ಒಳಗೆ ಹೋಗೋದು ಹೇಗೆ? ಪಾಸ್‌ವರ್ಡ್ ಯಾರದು?

ಶಿಷ್ಯ: ಇಲ್ಲಿ ಸ್ವಲ್ಪ ಕಹಿ ಇದೆ. ಡೆಕ್ಯಾಪ್‌ಗೆ ಸಾಮಾನ್ಯವಾಗಿ ಗಿಟ್‌ಹಬ್ ಖಾತೆಯಿಂದ ಹೋಗಬೇಕು, ಆ ಲಾಗಿನ್ ನಡೆಸೋಕೆ ನಾನು ಒಂದು ಸಣ್ಣ ಮಧ್ಯವರ್ತಿ ಸೇವೆ ನಿಲ್ಲಿಸಬೇಕು. ತಿದ್ದುವ ಒಬ್ಬೊಬ್ಬರಿಗೂ ಗಿಟ್‌ಹಬ್ ಖಾತೆ ಬೇಕು. ಗಿಟ್‌ಹಬ್ 2023ರಿಂದ ಎರಡು ಹಂತದ ಪರಿಶೀಲನೆಯನ್ನೂ ಕಡ್ಡಾಯ ಮಾಡುತ್ತಾ ಬಂದಿದೆ.

ಸಂಪಾದಕಿ: ನಮ್ಮ ಕರಡು ತಿದ್ದುವವರಿಗೆ ಎಪ್ಪತ್ತೆರಡು. ಬ್ಯಾಂಕಿನ ಓಟಿಪಿಗೇ ಮೊಮ್ಮಗನನ್ನ ಕರೀತಾರೆ.

ಶಿಷ್ಯ: ಪೇಜಸ್ ಸಿಎಂಎಸ್ ಅಂತ ಇದೆ, ಅದರಲ್ಲಿ ಇಮೇಲ್ ಮೂಲಕ ಆಹ್ವಾನ ಕಳಿಸಬಹುದು, ಗಿಟ್‌ಹಬ್ ಖಾತೆ ಬೇಡ. ಕ್ಲೌಡ್‌ಕ್ಯಾನನ್ ಅಂತ ನ್ಯೂಜಿಲೆಂಡಿನವರದ್ದಿದೆ, ಅದರಲ್ಲೂ ಬೇಡ, ಆದರೆ ದುಡ್ಡು ಕೊಡಬೇಕು. ಎರಡೂ ಅದೇ ಗಿಟ್ ಕಡತಗಳನ್ನೇ ತಿದ್ದೋದು.

ಸಂಪಾದಕಿ: ಇಮೇಲ್ ಅವರು ನೋಡ್ತಾರೆ. ಅದಿರಲಿ, ಅವರು ತಿದ್ದಿದ್ದು ನಾನು ನೋಡದೆ ಹೊರಗೆ ಹೋಗಬಾರದು. ನಾನು ತಿದ್ದಿದ್ದೂ ಅವರು ನೋಡದೆ ಹೋಗಬಾರದು ಅನ್ನು, ನನಗೂ ಕಣ್ಣು ಮೋಸ ಮಾಡುತ್ತೆ.

ಶಿಷ್ಯ: ಅಲ್ಲಿ ಡೆಕ್ಯಾಪ್ ಮೇಲು. ಅದರಲ್ಲಿ ಸಂಪಾದಕೀಯ ಹಂತಗಳಿವೆ: ಕರಡು, ಪರಿಶೀಲನೆ, ಸಿದ್ಧ. ಪರದೆಯಲ್ಲಿ ಮೂರು ಕಂಬಸಾಲು ಕಾಣುತ್ತೆ, ಬರಹದ ಚೀಟಿಯನ್ನ ಒಂದರಿಂದ ಇನ್ನೊಂದಕ್ಕೆ ಎಳೆದರಾಯ್ತು. ಸಿದ್ಧ ಅನ್ನೋ ಸಾಲಿಗೆ ಬಂದದ್ದನ್ನ ಮಾತ್ರ ಪ್ರಕಟಿಸಬಹುದು. ಹಿಂದೆ ಅದು ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ ಆಗಿ ಹೋಗುತ್ತೆ, ನಿಮಗೆ ಗೊತ್ತೇ ಆಗಲ್ಲ.

ಸಂಪಾದಕಿ: ಒಂದರಲ್ಲಿ ಲಾಗಿನ್ ಸುಲಭ, ಇನ್ನೊಂದರಲ್ಲಿ ಪರಿಶೀಲನೆ ಚೆನ್ನ. ಎರಡೂ ಒಂದರಲ್ಲೇ ಸಿಗೋದು ದುಡ್ಡು ಕೊಟ್ಟರೆ. ಲೋಕದಲ್ಲಿ ಹೊಸದೇನೂ ಇಲ್ಲ. ಡೆಕ್ಯಾಪೇ ಇರಲಿ. ಅವರ ಖಾತೆಯನ್ನ ನಾನೇ ಕೂರಿಸಿಕೊಂಡು ಮಾಡಿಸ್ತೀನಿ, ಮೊಮ್ಮಗನೂ ಇರಲಿ. ಫೋನಿನಲ್ಲಿ ತಿದ್ದಬಹುದಾ?

ಶಿಷ್ಯ: ಡೆಕ್ಯಾಪ್‌ನ ಪರದೆ ಫೋನಿಗೆ ಅಷ್ಟಾಗಿ ಒಗ್ಗಲ್ಲ. ಸ್ವೆಲ್ಟಿಯಾದಲ್ಲಿ ಪರವಾಗಿಲ್ಲ. ರಾತ್ರಿ ಹತ್ತರ ಒಂದು ಒತ್ತಿಗಾದರೆ ಗಿಟ್‌ಹಬ್‌ನ ಪು‌ಟದಲ್ಲೇ ಕಡತ ತೆಗೆದು ತಿದ್ದಬಹುದು. ಬರೀ ಪಠ್ಯ ತಾನೆ? ಒಂದೆರಡು ನಿಮಿಷದಲ್ಲಿ ತಾಣದಲ್ಲಿ ಸರಿಯಾಗಿರುತ್ತೆ.

ಸಂಪಾದಕಿ: ಯುಗಾದಿ ಸಂಚಿಕೆ ಹಬ್ಬದ ಬೆಳಿಗ್ಗೆ ತಾನಾಗಿ ತೆರೆದುಕೊಳ್ಳಬೇಕು. ಅವತ್ತು ನಾನು ಕಂಪ್ಯೂಟರ್ ಮುಟ್ಟಲ್ಲ.

ಶಿಷ್ಯ: ಮುಂದಿನ ದಿನಾಂಕ ಹಾಕಿದ ಬರಹವನ್ನ ಹ್ಯೂಗೊ ಆ ದಿನ ಬರುವ ತನಕ ಪುಟವಾಗಿ ಕಟ್ಟಲ್ಲ. ಆದರೆ ಸ್ಟ್ಯಾಟಿಕ್ ತಾಣಕ್ಕೆ ಬೆಳಗಾದದ್ದು ತಾನಾಗಿ ತಿಳಿಯಲ್ಲ, ಯಾರಾದರೂ ಕಟ್ಟು ಅನ್ನಬೇಕು. ದಿನಾ ಬೆಳಿಗ್ಗೆ ಐದಕ್ಕೆ ಒಮ್ಮೆ ಕಟ್ಟು ಅಂತ ಗಿಟ್‌ಹಬ್‌ಗೆ ಹೇಳಿಡ್ತೀನಿ. ಗಳಿಗೆ ಹಿಡಿದು ಓಡುತ್ತೆ ಅಂತ ನೆಚ್ಚಬೇಡಿ, ಸ್ವಲ್ಪ ತಡವಾಗಬಹುದು.

ಸಂಪಾದಕಿ: ಬೇವು ಬೆಲ್ಲ ತಿನ್ನೋ ಹೊತ್ತಿಗೆ ಬಂದರೆ ಸಾಕು. ಪುಟದ ವಿಳಾಸ ಕನ್ನಡದಲ್ಲಿರುತ್ತಾ?

ಶಿಷ್ಯ: ಇರಬಹುದು, ಬೇಡ ಅಂತೀನಿ. ನಿಮಗೆ ಬೇಸರ ಆಗಬಹುದು. ‘ಕನ್ನಡ’ ಅನ್ನೋ ಪದಕ್ಕೆ ಯೂನಿಕೋಡ್‌ನಲ್ಲಿ ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್. ವಿಳಾಸವನ್ನ ನಕಲು ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಎಷ್ಟೋ ಸಲ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗಿ ಬಿಚ್ಚಿಕೊಳ್ಳುತ್ತೆ. ಮೂರಕ್ಷರದ ‘ಕನ್ನಡ’ ನಲವತ್ತೈದು ಅಕ್ಷರ ಆಗುತ್ತೆ. ಉದ್ದ ಶೀರ್ಷಿಕೆಯಾದರೆ ಪರದೆ ತುಂಬಾ ಅದೇ. ಇನ್ನು ಡೆಕ್ಯಾಪ್‌ನಲ್ಲಿ ಕಡತದ ಹೆಸರನ್ನ ಆಸ್ಕಿಗೆ, ಅಂದರೆ ಮೂಲ ಇಂಗ್ಲಿಷ್ ಅಕ್ಷರ-ಅಂಕಿಗಳಿಗೆ, ಸೀಮಿತ ಮಾಡುವ ಒಂದು ಆಯ್ಕೆ ಇದೆ. ಅದನ್ನ ಹಾಕಿಬಿಟ್ಟರೆ ಕನ್ನಡ ಅಕ್ಷರಗಳೆಲ್ಲ ಉದುರಿ ಹೆಸರೇ ಖಾಲಿಯಾಗುತ್ತೆ. ಅದಕ್ಕೆ ವಿಳಾಸಕ್ಕೆ ಅಂತ ಒಂದು ಪೆಟ್ಟಿಗೆ ಇಟ್ಟು, ಇಸವಿ, ಸಂಚಿಕೆ ಸಂಖ್ಯೆ, ರೋಮನ್ ಲಿಪಿಯಲ್ಲಿ ಚಿಕ್ಕ ಹೆಸರು ಅಂತ ನೀವೇ ಕೊಡಿ.

ಸಂಪಾದಕಿ: ಬೇಸರ ಏನಿಲ್ಲ. ಅಂಚೆಯ ಪಿನ್‌ಕೋಡ್ ಕೂಡ ಕನ್ನಡ ಅಂಕಿಯಲ್ಲಿ ಬರೆಯಲ್ಲ ನಾನು. ಹುಡುಕಾಟ ಹೇಗೆ? ಡೇಟಾಬೇಸ್ ಇಲ್ಲ ಅಂದೆ.

ಶಿಷ್ಯ: ಪೇಜ್‌ಫೈಂಡ್ ಅನ್ನೋ ಸಲಕರಣೆ ಪುಟಗಳನ್ನೆಲ್ಲ ಓದಿ ಸೂಚಿ ತಯಾರಿಸಿಡುತ್ತೆ, ಓದುಗರ ಬ್ರೌಸರೇ ಅದರಲ್ಲಿ ಹುಡುಕುತ್ತೆ. ಪದದ ಆರಂಭ ಹೊಂದಿದರೆ ಸಿಗುತ್ತೆ. ‘ಮರ’ ಅಂದರೆ ‘ಮರದ’ ಸಿಗುತ್ತೆ. ‘ಊರು’ ಅಂದರೆ ‘ಊರಿನಲ್ಲಿ’ ಸಿಗಲ್ಲ. ವಿಭಕ್ತಿ ಸೇರಿದಾಗ ಪದದ ಬುಡವೇ ಬದಲಾಗುತ್ತಲ್ಲ.

ಸಂಪಾದಕಿ: ವರ್ಡ್‌ಪ್ರೆಸ್‌ನಲ್ಲಿ ಸಿಗುತ್ತಾ?

ಶಿಷ್ಯ: ಅದರ ಮಾಮೂಲಿ ಹುಡುಕಾಟದಲ್ಲೂ ಇಲ್ಲ. ಕನ್ನಡದ ವ್ಯಾಕರಣ ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ಅದಕ್ಕಿಂತ ಲೇಖಕರು, ಸಂಚಿಕೆ, ಪ್ರಕಾರ ಇವುಗಳ ಪಟ್ಟಿ ಪುಟಗಳನ್ನ ಚೆನ್ನಾಗಿ ಮಾಡೋಣ. ಓದುಗರು ಹುಡುಕೋದು ಬಹುಪಾಲು ಲೇಖಕರ ಹೆಸರನ್ನೇ. ಆ ಹೆಸರು ಒಂದು ಕಡೆ ‘ಕೆ.ವಿ.’, ಇನ್ನೊಂದು ಕಡೆ ‘ಕೆ ವಿ’ ಅಂತ ಇರಬಾರದು. ಲೇಖಕರನ್ನ ಪಟ್ಟಿಯಿಂದ ಆರಿಸಿಕೊಳ್ಳುವ ಹಾಗೆ ಪೆಟ್ಟಿಗೆ ಮಾಡ್ತೀನಿ, ಪ್ರತಿ ಸಲ ಟೈಪ್ ಮಾಡೋದು ಬೇಡ.

ಸಂಪಾದಕಿ: ಹಳೇ ಸಂಚಿಕೆಗಳ ಸ್ಕ್ಯಾನ್ ಇದೆಯಲ್ಲ, ಅದನ್ನೂ ಇದರಲ್ಲೇ ಹಾಕು.

ಶಿಷ್ಯ: ಅದು ಮಾತ್ರ ಬೇಡ. ನಮ್ಮ ತಾಣ ಇಡೋದು ಗಿಟ್‌ಹಬ್ ಪೇಜಸ್‌ನಲ್ಲಿ; ಅಲ್ಲಿ ಪ್ರಕಟವಾದ ತಾಣ ಒಟ್ಟು ಒಂದು ಜಿಬಿ ಮೀರಬಾರದು, ನೂರು ಎಂಬಿಗಿಂತ ದೊಡ್ಡ ಕಡತವನ್ನ ಗಿಟ್‌ಹಬ್ ತೆಗೆದುಕೊಳ್ಳೋದೇ ಇಲ್ಲ. ಗಿಟ್‌ಗೆ ಮರೆವು ಇಲ್ಲ; ಒಂದು ಸಲ ಹಾಕಿದ ಪಿಡಿಎಫ್ ಅಳಿಸಿದರೂ ಚರಿತ್ರೆಯಲ್ಲಿ ಭಾರವಾಗಿ ಕೂತಿರುತ್ತೆ. ಸ್ಕ್ಯಾನ್‌ಗಳನ್ನ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸಿ ಇಲ್ಲಿಂದ ಕೊಂಡಿ ಕೊಡೋಣ. ಫೋನಿನಿಂದ ತೆಗೆದ ಫೋಟೊಗಳನ್ನೂ ಚಿಕ್ಕದು ಮಾಡಿಯೇ ಹಾಕಬೇಕು. ಚಂದಾಕ್ಕೆ ಯುಪಿಐ ಕ್ಯೂಆರ್ ಚಿತ್ರ ಸಾಕು, ವಿಳಾಸ ತುಂಬೋಕೆ ಗೂಗಲ್ ಫಾರಂ.

ಸಂಪಾದಕಿ: ಇನ್ನೊಂದು ಕೇಳ್ತೀನಿ, ಬೇಜಾರಾಗಬೇಡ. ನೀನು ಅಮೆರಿಕಕ್ಕೋ ಜರ್ಮನಿಗೋ ಹೋಗ್ತೀಯ. ಹೋಗಬೇಕು ಕೂಡ. ಆಮೇಲೆ?

ಶಿಷ್ಯ: ಅಲ್ಲಿಂದಲೂ ಮಾಡಬಹುದು.

ಸಂಪಾದಕಿ: ಮಾಡ್ತೀಯ, ಎರಡು ವರ್ಷ. ಆಮೇಲೆ ಮಗು, ಮನೆ ಸಾಲ. ನಾನು ಮೂವತ್ತು ವರ್ಷ ಪಾಠ ಮಾಡಿದವಳು, ಶಿಷ್ಯರ ಲೆಕ್ಕ ನನಗೆ ಗೊತ್ತು. ಡೊಮೈನ್ ಯಾರ ಹೆಸರಿನಲ್ಲಿ ತಗೊಳ್ತೀಯ?

ಶಿಷ್ಯ: ನನ್ನ ಕಾರ್ಡಿನಲ್ಲಿ ತಗೊಂಡರೆ ಈಗಲೇ...

ಸಂಪಾದಕಿ: ಬೇಡ. ಡೊಮೈನ್ ಪತ್ರಿಕೆಯ ಹೆಸರಿನಲ್ಲಿ, ಪತ್ರಿಕೆಯ ಇಮೇಲ್‌ನಲ್ಲಿ. ಗಿಟ್‌ಹಬ್‌ನಲ್ಲೂ ಪತ್ರಿಕೆಗೇ ಖಾತೆ, ಅದರೊಳಗೆ ನೀನೊಬ್ಬ ಸದಸ್ಯ. ನಾನೂ ಮಾಲೀಕಳಾಗಿ ಇರಬೇಕು, ಖಜಾಂಚಿಯೂ ಇರಲಿ. ಎರಡು ಹಂತದ ಪರಿಶೀಲನೆಗೆ ಕೊಡ್ತಾರಲ್ಲ ಮೀಸಲು ಸಂಕೇತಗಳು, ಅವನ್ನ ಪ್ರಿಂಟ್ ತೆಗೆದು ಚಂದಾ ರಸೀದಿ ಪುಸ್ತಕದ ಜೊತೆ ಬೀರುವಿನಲ್ಲಿ ಇಡ್ತೀನಿ. ಕಡತಗಳ ಪೂರ್ತಿ ನಕಲು ಸಂಚಿಕೆಗೊಮ್ಮೆ ಈ ಕಂಪ್ಯೂಟರಿಗೆ ಇಳಿಸಬೇಕು. ಅದು ಹೇಗೆ ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡು, ಚಿತ್ರ ಹಾಕಿ.

ಶಿಷ್ಯ: ಸಿಎಂಎಸ್ ಆರಿಸೋಕೆ ಕೂತವರು ನಾವು, ನೀವು ಟ್ರಸ್ಟ್ ಡೀಡ್ ಬರೆಸ್ತಿದ್ದೀರಿ.

ಸಂಪಾದಕಿ: ನೀನೇ ತಾನೇ ಹೇಳಿದ್ದು, ಫಾರೆಸ್ಟ್ರಿಯ ಕಥೆ? ಪರದೆ ಹೋದರೂ ಕಡತ ಉಳಿಯಬೇಕು ಅಂತ. ಹಾಗಾದರೆ ಶಿಷ್ಯ ಹೋದರೂ ಉಳಿಯಬೇಕಲ್ಲ.

ಶಿಷ್ಯ: ಸರಿ ಮೇಡಂ. ಮುಂದಿನ ವಾರ ತಾಣದ ಮುಖಪುಟದ ಮಾದರಿ ಮಾಡಿ ತೋರಿಸ್ತೀನಿ.

ಸಂಪಾದಕಿ: ಮುಖಪುಟ ಆಮೇಲೆ. ಮೊದಲು ಆ ಕವನದ ಪೆಟ್ಟಿಗೆ ಮಾಡು. ಇವತ್ತು ರಾತ್ರಿ ಮೂರು ಕಳಿಸ್ತೀನಿ: ಒಂದು ಭಾಮಿನಿ, ಒಂದು ವಚನ, ಇನ್ನೊಂದು ನಮ್ಮ ಊರಿನ ಹುಡುಗಿ ಬರೆದದ್ದು, ಅವಳು ಸಾಲನ್ನ ಮೆಟ್ಟಿಲ ಹಾಗೆ ಬಲಕ್ಕೆ ಇಳಿಸಿಕೊಂಡು ಹೋಗ್ತಾಳೆ. ಕರಡು ತಿದ್ದುವವರು ತಾವೇ ಅದರಲ್ಲಿ ಟೈಪ್ ಮಾಡಿ ಉಳಿಸಲಿ, ನೀನು ಪಕ್ಕದಲ್ಲಿ ಕೂತಿರು, ಬಾಯಿ ಬಿಡಬೇಡ.

ಶಿಷ್ಯ: ಅವರಿಗೆ ಬರದಿದ್ದರೆ?

ಸಂಪಾದಕಿ: ಬರದಿದ್ದರೆ ಬೇರೆ ಪರದೆ ನೋಡು. ಮೂರಾದರೂ ಇವೆ ಅಂದೆಯಲ್ಲ.